ಮುರಿದ ಕೈ ಕೂಡಿತು, ಆಮೇಲೆ ಯಾರೂ ಫೋನ್ ಮಾಡಲಿಲ್ಲ

ಈ ಸಲ ಬಂದ ಪತ್ರಗಳು, ವಾಟ್ಸಾಪ್ ಮೆಸೇಜುಗಳು ಹೆಚ್ಚೂಕಡಿಮೆ ಒಂದೇ ಕತೆ ಹೇಳುತ್ತಿವೆ. ಮನೆಯ ಹಿರಿಯರಿಗೆ ಮೂಳೆ ಮುರಿಯಿತು, ಕೂಡಿತು, ಮತ್ತೆ ಮುರಿಯಿತು. ಅದಕ್ಕೇ ಮಂಡಿನೋವು, ಕತ್ತುನೋವಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಸುಮಾರು ಜನ ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 69 ವರ್ಷ. ಎರಡು ವರ್ಷದ ಹಿಂದೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಡೋಕೆ ಬಗ್ಗುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್, ಆಮೇಲೆ ಸ್ವಲ್ಪ ದಿನ ಫಿಸಿಯೋ, ಅಷ್ಟೇ. ಹೋದ ತಿಂಗಳು ಬಚ್ಚಲಿಂದ ಹೊರಗೆ ಬರುವಾಗ ಬಿದ್ದು ಸೊಂಟ ಮುರಿದು ಆಪರೇಷನ್ ಆಯಿತು. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕ, ‘ಇಲ್ಲಿ ಕೈ ಮುರಿದಾಗಲೇ ನರ್ಸ್ ಫೋನ್ ಮಾಡಿ ಕರೆಸ್ತಾರೆ, ಅದಕ್ಕೆ ಅಂತಲೇ ಬೇರೆ ವಿಭಾಗ ಇದೆ, ಅದು ಹೇಗೆ ನಡೀಬೇಕು ಅನ್ನೋದಕ್ಕೂ ರೂಲ್ಸ್ ಇದೆ’ ಅಂತಾಳೆ. ನಮಗೆ ಇಲ್ಲಿ ಯಾರೂ ಏನೂ ಹೇಳಲಿಲ್ಲ. ತಪ್ಪು ಯಾರದು? ಈಗ ಏನು ಮಾಡೋದು?
ಒಬ್ಬ ಮಗಳು, ರಾಜಾಜಿನಗರ

ಉತ್ತರ: ತಪ್ಪು ನಿಮ್ಮದಂತೂ ಅಲ್ಲ. ನಮ್ಮಂಥ ಮೂಳೆ ಡಾಕ್ಟರುಗಳದ್ದು ಅಂತ ಒಪ್ಪಿಕೊಂಡೇ ಶುರು ಮಾಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ಎಷ್ಟೋ ವರ್ಷ ಮಾಡಿದ್ದೂ ಇದನ್ನೇ. ಪ್ಲಾಸ್ಟರ್ ಬಿಚ್ಚಿ, ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡಿ, ಮೂಳೆ ಚೆನ್ನಾಗಿ ಕೂತಿದೆ ಅಂತ ಖುಷಿಪಟ್ಟು, ‘ಇನ್ನು ಬರೋದು ಬೇಡಮ್ಮ’ ಅಂತ ಕಳಿಸುತ್ತಿದ್ದೆ. ಅದನ್ನು ಒಳ್ಳೆ ಸುದ್ದಿ ಅಂದುಕೊಂಡು ಹೇಳುತ್ತಿದ್ದೆ. ಅವರಲ್ಲಿ ಕೆಲವರು ಆಮೇಲೆ ವೀಲ್‌ಚೇರಿನಲ್ಲಿ ವಾಪಸ್ ಬಂದರು.

ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯಬಾರದು. ತರಚುತ್ತದೆ, ಊದುತ್ತದೆ, ಎರಡು ದಿನ ನೋಯುತ್ತದೆ. ಮುರಿಯಿತು ಅಂದರೆ ಒಳಗೆ ಮೂಳೆ ಟೊಳ್ಳಾಗಿದೆಯಾ ಅಂತ ನೋಡಲೇಬೇಕು. ಟೊಳ್ಳಾಗುವ ಈ ಕಾಯಿಲೆಗೇ ಆಸ್ಟಿಯೋಪೊರೋಸಿಸ್ ಅನ್ನೋದು. ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಮಂಡಿ ನೋಯುವವರಿಗೂ ‘ಮೂಳೆ ಸವೆದಿದೆ’ ಅಂತೀವಿ, ಇದಕ್ಕೂ ‘ಮೂಳೆ ಸವೆತ’ ಅಂತೀವಿ. ಎರಡೂ ಬೇರೆ. ಮಂಡಿಯಲ್ಲಿ ಸವೆಯೋದು ಕೀಲಿನ ಮೆತ್ತೆ, ಅದು ದಿನಾ ನೋಯುತ್ತದೆ. ಟೊಳ್ಳು ಮೂಳೆ ಮುರಿಯುವ ತನಕ ಒಂದು ಮಾತೂ ಆಡೋದಿಲ್ಲ. ಅದಕ್ಕೇ ಮೊದಲ ಮುರಿತ ಅಷ್ಟು ಮುಖ್ಯ, ಅದೇ ಅದು ಬಾಯಿಬಿಟ್ಟು ಹೇಳಿದ ಮೊದಲ ಮಾತು. 50 ದಾಟಿದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ಮುಂದೆ ಇಂಥ ಮುರಿತ ಆಗುತ್ತದೆ ಅನ್ನೋದು ಜಗತ್ತಿನ ಲೆಕ್ಕ. ಒಂದು ಸಲ ಆದವರಿಗೆ ಇನ್ನೊಂದು ಆಗುವ ಅಪಾಯ ಹತ್ತಿರಹತ್ತಿರ ಎರಡರಷ್ಟು, ಅದರಲ್ಲೂ ಮೊದಲ ಎರಡು ವರ್ಷ ಜಾಸ್ತಿ. ನಿಮ್ಮ ಅಮ್ಮನಿಗೆ ಆಗಿದ್ದು ಸರಿಯಾಗಿ ಆ ಹೊತ್ತಿನಲ್ಲೇ.

ಇನ್ನು ನಿಮ್ಮ ಅಕ್ಕ ಹೇಳಿದ ವಿಭಾಗ. ಅದಕ್ಕೆ ಫ್ರಾಕ್ಚರ್ ಲಯಾಸನ್ ಸರ್ವಿಸ್ ಅಂತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1999ರಲ್ಲಿ ಶುರುವಾಯಿತು. ಯೋಚನೆ ಬಹಳ ಸರಳ. ಮೂಳೆ ಕೂಡಿಸುವ ಡಾಕ್ಟರಿಗೆ ಮುರಿದದ್ದು ಕಾಣುತ್ತದೆ, ಆದರೆ ಯಾಕೆ ಮುರಿಯಿತು ಅಂತ ಹುಡುಕೋಕೆ ಪುರುಸೊತ್ತಿಲ್ಲ. ಮನೆ ಹತ್ತಿರದ ಡಾಕ್ಟರಿಗೆ ಪುರುಸೊತ್ತಿದೆ, ಆದರೆ ಮುರಿದದ್ದೇ ಗೊತ್ತಿಲ್ಲ. ಇಬ್ಬರೂ ‘ಅವರು ನೋಡ್ಕೋತಾರೆ’ ಅಂದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಬಡಿಸೋರು ಯಾರೂ ಇರಲ್ಲ ಅಲ್ವಾ, ಹಾಗೆ. ಗ್ಲಾಸ್ಗೋದವರು ಈ ಮಧ್ಯದ ಜಾಗಕ್ಕೆ ಒಬ್ಬ ನರ್ಸನ್ನು ಕೂರಿಸಿದರು. 50 ದಾಟಿದವರು ಮೂಳೆ ಮುರಿದುಕೊಂಡು ಬಂದರೆ ಅವರ ಹೆಸರು ಈ ನರ್ಸಿನ ಪಟ್ಟಿಗೆ ಬರಬೇಕು, ಅವರನ್ನು ಕರೆಸಿ ಪರೀಕ್ಷೆ ಮಾಡಿಸಿ ಔಷಧ ಶುರುವಾಗೋ ತನಕ ನರ್ಸ್ ಬಿಡೋದಿಲ್ಲ.

ರೂಲ್ಸ್ ಅಂದರೆ ಇಷ್ಟು. ಬ್ರಿಟನ್ನಿನ ರಾಯಲ್ ಆಸ್ಟಿಯೋಪೊರೋಸಿಸ್ ಸೊಸೈಟಿ ಈ ಸೇವೆಗೆ ಮಾನದಂಡ ಬರೆದಿದೆ. ಮುರಿದವರನ್ನು ಗುರುತಿಸಬೇಕು, ಮುರಿದ 12 ವಾರದೊಳಗೆ ಪರೀಕ್ಷೆ ಮುಗಿಸಬೇಕು, ಏನಾಗಿದೆ ಅಂತ ಅವರಿಗೇ ಅರ್ಥವಾಗುವ ಹಾಗೆ ಹೇಳಬೇಕು, ಔಷಧದ ಜೊತೆ ಬೀಳದಂತೆ ನೋಡಿಕೊಳ್ಳುವ ಏರ್ಪಾಟೂ ಆಗಬೇಕು, ಮನೆ ಡಾಕ್ಟರಿಗೆ ಪತ್ರ ಹೋಗಬೇಕು, ಸುಮಾರು 16 ವಾರ ಆದಾಗ ಒಂದು ಸಲ, ವರ್ಷ ಆದಾಗ ಇನ್ನೊಂದು ಸಲ ‘ಮಾತ್ರೆ ತಗೋತಿದ್ದೀರಾ?’ ಅಂತ ಕೇಳಬೇಕು. ನನಗೆ ಬಹಳ ಹಿಡಿಸಿದ್ದು ಇದರ ಮುಂದಿನ ಭಾಗ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಲೆಕ್ಕವನ್ನೆಲ್ಲ ಒಂದು ಕಡೆ ಸೇರಿಸಿ, ಯಾವ ಆಸ್ಪತ್ರೆ ಎಷ್ಟು ಜನರನ್ನು ಹಿಡಿಯಿತು, ಎಷ್ಟು ಜನರನ್ನು ಬಿಟ್ಟಿತು ಅಂತ ಆಸ್ಪತ್ರೆ ಹೆಸರಿನ ಸಮೇತ ಪ್ರಕಟಿಸುತ್ತಾರೆ. ಹಾಗಂತ ಅಲ್ಲಿ ಎಲ್ಲಾ ಸ್ವರ್ಗ ಅಂತಲ್ಲ. ಅಲ್ಲೂ ಎಷ್ಟೋ ಊರಲ್ಲಿ ಈ ಸೇವೆ ಇಲ್ಲ. ನಿಮ್ಮ ಅಕ್ಕನ ಊರಲ್ಲಿ ಇದೆ, ಪುಣ್ಯ.

ಈಗ ನೀವು ಮಾಡಬೇಕಾದ್ದು. ಡಿಸ್ಚಾರ್ಜ್ ಸಮರಿ ತೆಗೆದು ನೋಡಿ. ಯಾವ ರಾಡು, ಯಾವ ಸ್ಕ್ರೂ, 14ನೇ ದಿನಕ್ಕೆ ಹೊಲಿಗೆ ಬಿಚ್ಚೋದು, ಗ್ಯಾಸ್ಟ್ರಿಕ್ ಮಾತ್ರೆ, ಕ್ಯಾಲ್ಸಿಯಂ, ಇಷ್ಟು ಇರುತ್ತದೆ. ‘ಆಸ್ಟಿಯೋಪೊರೋಸಿಸ್’ ಅನ್ನೋ ಪದ ಎಲ್ಲಾದರೂ ಇದೆಯಾ? ಇಲ್ಲದಿದ್ದರೆ ಮುಂದಿನ ಚೆಕಪ್‌ಗೆ ಹೋದಾಗ ನೇರವಾಗಿ ಕೇಳಿ: ಇವರಿಗೆ ಮೂಳೆಯ ಔಷಧ ಯಾವಾಗ ಶುರು ಮಾಡ್ತೀರಿ, ಮಾಡೋದು ನೀವಾ ಬೇರೆಯವರಾ? ಬೇರೆಯವರು ಅಂದರೆ ಅವರ ಹೆಸರು, ಅಪಾಯಿಂಟ್‌ಮೆಂಟ್ ತಾರೀಖು ಬರೆಸಿಕೊಂಡೇ ಎದ್ದು ಬನ್ನಿ. ಸುಮ್ನೆ ‘ನೋಡೋಣ’ ಅಂದರೆ ಒಪ್ಪಬೇಡಿ.

ಡೆಕ್ಸಾ ಸ್ಕ್ಯಾನ್ ಅಂತ ಮೂಳೆ ಸಾಂದ್ರತೆ ನೋಡುವ ಪರೀಕ್ಷೆ ಇದೆ. ಅದರಲ್ಲಿ ಬರುವ ಟಿ ಸ್ಕೋರ್ (ವಯಸ್ಸಿನಲ್ಲಿರುವವರ ಗಟ್ಟಿ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಆದರೆ ಈ ವಯಸ್ಸಲ್ಲಿ ಬಚ್ಚಲ ಬಾಗಿಲಲ್ಲಿ ಬಿದ್ದು ಸೊಂಟ ಮುರಿದಿದೆ ಅಂದರೆ ಸ್ಕೋರಿಗೆ ಕಾಯಬೇಕಾಗಿಲ್ಲ, ಮುರಿತವೇ ಸಾಕ್ಷಿ. ಸ್ಕ್ಯಾನಿಗಿಂತ ಮೊದಲು ರಕ್ತ ಪರೀಕ್ಷೆ ಆಗಲಿ: ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ, ಥೈರಾಯ್ಡ್, ಹಿಮೋಗ್ಲೋಬಿನ್, ಇಎಸ್‌ಆರ್. ಯಾಕಂದರೆ ಟೊಳ್ಳಾಗೋಕೆ ವಯಸ್ಸೊಂದೇ ಕಾರಣ ಆಗಿರಬೇಕಿಲ್ಲ, ಥೈರಾಯ್ಡ್ ಜಾಸ್ತಿ ಇರಬಹುದು, ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಇರಬಹುದು, ಅಪರೂಪಕ್ಕೆ ಮೈಲೋಮ ಅನ್ನೋ ಕ್ಯಾನ್ಸರ್ ಕೂಡ ಮೊದಲು ಹೀಗೇ ಕಾಣಿಸಿಕೊಳ್ಳುತ್ತದೆ.

ತಡ ಆಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಸೊಂಟದ ಆಪರೇಷನ್ ಆದ 90 ದಿನದೊಳಗೆ, ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಶುರು ಮಾಡಿ ನೋಡಿದ ಒಂದು ದೊಡ್ಡ ಅಧ್ಯಯನ 2007ರಲ್ಲಿ ಬಂತು. ಔಷಧ ಸಿಕ್ಕವರಲ್ಲಿ ಹೊಸ ಮುರಿತ 35 ಶೇಕಡಾ ಕಡಿಮೆ, ಸಾವು ಕೂಡ 28 ಶೇಕಡಾ ಕಡಿಮೆ. ನಿಮ್ಮ ಅಮ್ಮನಿಗೆ ಆಪರೇಷನ್ ಆಗಿ ಇನ್ನೂ ಒಂದು ತಿಂಗಳು. ಯಾವ ಔಷಧ ಅನ್ನೋದನ್ನು ಅವರ ಕಿಡ್ನಿ, ಹಲ್ಲು, ವಿಟಮಿನ್ ಡಿ ನೋಡಿ ಡಾಕ್ಟರ್ ತೀರ್ಮಾನ ಮಾಡಲಿ. ಆ ತೀರ್ಮಾನ ಈ ತಿಂಗಳೇ ಆಗಲಿ.

ಹಾಗೇ ಆ ಬಚ್ಚಲ ಬಾಗಿಲನ್ನೂ ಒಂದು ಸಲ ನೋಡಿ. ಹಳೇ ಮನೆಯಾದರೆ ಎರಡಿಂಚು ಎತ್ತರದ ಹೊಸ್ತಿಲು, ಅದರಾಚೆ ಹಳೇ ಸೀರೆ ಮಡಚಿ ಹಾಕಿದ ಕಾಲೊರೆಸು ಇರುತ್ತದೆ. ಒದ್ದೆ ಕಾಲು ಅದರ ಮೇಲೆ ಬಿದ್ದ ತಕ್ಷಣ ಸೀರೆ ಸಮೇತ ಮನುಷ್ಯ ಮುಂದಕ್ಕೆ ಹೋಗುತ್ತಾನೆ. ಆ ಸೀರೆ ತೆಗೆಯಿರಿ. ರಬ್ಬರ್ ಹಿಂಬದಿಯ ಮ್ಯಾಟ್ ಹಾಕಿ, ಗೋಡೆಗೊಂದು ಸ್ಟೀಲ್ ಹಿಡಿಕೆ ಹಾಕಿಸಿ, ರಾತ್ರಿ ಅಲ್ಲೊಂದು ಜೀರೋ ಬಲ್ಬ್ ಉರಿಯಲಿ.

ಪ್ರಶ್ನೆ: ನನಗೆ 66. ಬೆನ್ನುಮೂಳೆ ಮುರಿತ ಅಂತ ಹೇಳಿ ವಾರಕ್ಕೊಂದು ಮಾತ್ರೆ ಕೊಟ್ಟರು. ಎದೆ ಉರಿ ಬಂತು, ಮೂರು ತಿಂಗಳಿಗೆ ಬಿಟ್ಟೆ. ಯಾರೂ ಕೇಳಲೂ ಇಲ್ಲ. ಬಿಟ್ಟಿದ್ದು ತಪ್ಪಾ?
ವಿಜಯನಗರದಿಂದ ಒಬ್ಬ ಅಜ್ಜಿ

ಉತ್ತರ: ಬಿಟ್ಟಿದ್ದು ದೊಡ್ಡ ತಪ್ಪಲ್ಲ ಅಮ್ಮ, ಬಿಟ್ಟು ಸುಮ್ಮನಿದ್ದದ್ದು ತಪ್ಪು. ಯಾರೂ ಕೇಳದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಮೇಲಿನ ಉತ್ತರದಲ್ಲಿ 16 ವಾರ ಆದಾಗ ಒಂದು ಸಲ ವಿಚಾರಿಸಬೇಕು ಅಂತ ಬರೆದೆನಲ್ಲ, ಅದು ನಿಮ್ಮಂಥವರಿಗಾಗಿಯೇ. ಆ ಹೊತ್ತಿಗೆ ಬಹಳ ಜನ ಸದ್ದಿಲ್ಲದೆ ಮಾತ್ರೆ ನಿಲ್ಲಿಸಿರುತ್ತಾರೆ. ಒಂದು ಫೋನ್ ಬಂದಿದ್ದರೆ ನಿಮ್ಮ ಎದೆ ಉರಿ ಅವತ್ತೇ ಗೊತ್ತಾಗುತ್ತಿತ್ತು.

ಅದು ಬಹುಶಃ ಅಲೆಂಡ್ರೊನೇಟ್ 70 ಮಿಲಿಗ್ರಾಂ. ಅದನ್ನು ಹೇಗೆ ತಗೋತಿದ್ದಿರಿ? ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕಾಫಿಯನ್ನೂ ಕುಡಿಯಬಾರದು. ಬೆಂಗಳೂರಿನವರಿಗೆ ಕಷ್ಟ ಆಗೋದು ಇದೇ ಕೊನೇದು. ಫಿಲ್ಟರ್ ಕಾಫಿ ಜೊತೆ ನುಂಗಿದರೆ ಔಷಧದ ಅರ್ಧಕ್ಕಿಂತ ಜಾಸ್ತಿ ಮೈಗೇ ಹತ್ತೋದಿಲ್ಲ. ಒಂದು ಗುಟುಕು ನೀರಲ್ಲಿ ನುಂಗಿ ಮತ್ತೆ ಒರಗಿಕೊಂಡರೆ ಮಾತ್ರೆ ಅನ್ನನಾಳದಲ್ಲೇ ನಿಂತು ಸುಡುತ್ತದೆ. ನೀವು ಸರಿಯಾಗಿ ತಗೊಂಡೂ ಉರಿ ಬಂದಿದ್ದರೆ ಮಾತ್ರೆ ನಿಮಗೆ ಆಗಿಬರಲ್ಲ, ಹೊಟ್ಟೆಯ ಗೊಡವೆಗೇ ಹೋಗದ ಡ್ರಿಪ್ ಇದೆ, ಇಂಜೆಕ್ಷನ್ ಇದೆ. ಬೆನ್ನುಮೂಳೆ ಒಂದು ಸಲ ಕುಸಿದವರು ಔಷಧ ಇಲ್ಲದೆ ಕೂರಬಾರದು. ಈ ವಾರವೇ ಹೋಗಿ, ಉಳಿದ ಮಾತ್ರೆಯ ಸ್ಟ್ರಿಪ್ ತಗೊಂಡೇ ಹೋಗಿ.

ಪ್ರಶ್ನೆ: ಅತ್ತೆಗೆ ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೋಸುಮ್ಯಾಬ್ ಕೊಡುತ್ತಿದ್ದೆವು. ಮನೆಯಲ್ಲಿ ಮದುವೆ ಇದ್ದಿದ್ದರಿಂದ ಈ ಸಲ ಮುಂದಕ್ಕೆ ಹಾಕಿದ್ದೇವೆ. ಪರವಾಗಿಲ್ಲ ಅಲ್ವಾ?
ಸೊಸೆ, ಬನಶಂಕರಿ

ಉತ್ತರ: ಪರವಾಗಿಲ್ಲ ಅನ್ನೋ ಹಾಗೇ ಇಲ್ಲ! ಈ ಇಂಜೆಕ್ಷನ್ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಿಕ್ಕ ಮೂಳೆ ಔಷಧಗಳು ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ಮೂಳೆಯೊಳಗೆ ಉಳಿದು ಕೆಲಸ ಮಾಡುತ್ತವೆ, ಇದು ಹಾಗಲ್ಲ. ತಾರೀಖು ದಾಟಿ ಒಂದು ತಿಂಗಳಿಗಿಂತ ಜಾಸ್ತಿ ತಡವಾದರೆ, ಅಷ್ಟು ದಿನ ಅದುಮಿ ಹಿಡಿದಿದ್ದ ಸವೆತ ಒಮ್ಮೆಲೇ ಏಳುತ್ತದೆ, ಬೆನ್ನಿನ ಎರಡು ಮೂರು ಮೂಳೆ ಒಟ್ಟಿಗೇ ಕುಸಿದವರಿದ್ದಾರೆ. ನಿಲ್ಲಿಸಲೇಬೇಕು ಅಂದರೂ ಬೇರೆ ಔಷಧ ಶುರು ಮಾಡಿಯೇ ನಿಲ್ಲಿಸಬೇಕು. ಮದುವೆ ಓಡಾಟದಲ್ಲೇ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹಾಕಿಸಿ. ಮುಂದಿನ ತಾರೀಖನ್ನು ಅವತ್ತೇ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಗುರುತು ಹಾಕೋ ಹಾಗೆ ಕೆಂಪು ಪೆನ್ನಲ್ಲಿ ಗುರುತು ಹಾಕಿ.

ಪ್ರಶ್ನೆ: ದಿನಾ ರಾಗಿಮುದ್ದೆ ತಿಂದರೆ ಸಾಕಲ್ವಾ, ಇಷ್ಟೆಲ್ಲಾ ಔಷಧ ಯಾಕೆ?
ಮಾಗಡಿ ರಸ್ತೆ

ಉತ್ತರ: ತಿನ್ನಿ, ನಾನೂ ತಿಂತೀನಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಮುದ್ದೆ ಜೊತೆ ಮೊಸರು, ಹಾಲು, ಸೊಪ್ಪು ಸೇರಿದರೆ ಹತ್ತಿರ ಬರುತ್ತದೆ. ಆದರೆ ಕ್ಯಾಲ್ಸಿಯಂ ಇಟ್ಟಿಗೆ ಮಾತ್ರ. ಗೋಡೆ ಬೀಳುತ್ತಿರುವ ಮನೆ ಮುಂದೆ ಇಟ್ಟಿಗೆ ಲೋಡು ಇಳಿಸಿ ಬಂದರೆ ಗೋಡೆ ತಾನಾಗಿ ನಿಲ್ಲೋದಿಲ್ಲ. ಮುರಿತ ಆದವರಿಗೆ ಔಷಧವೂ ಬೇಕು, ಮುದ್ದೆಯೂ ಬೇಕು.

ಪ್ರಶ್ನೆ: ಅಪ್ಪನಿಗೆ 74. ಉಬ್ಬಸಕ್ಕೆ ಬಹಳ ವರ್ಷದಿಂದ ಮಾತ್ರೆ, ಪಂಪ್. ಆರು ತಿಂಗಳ ಹಿಂದೆ ಬಸ್ ಇಳಿಯುವಾಗ ಎಡವಿ ಬಿದ್ದು ತೋಳಿನ ಮೂಳೆ ಮುರಿದಾಗ ಪುತ್ತೂರು ಕಟ್ಟು ಕಟ್ಟಿಸಿದೆವು, ಕೂಡಿಕೊಂಡಿತು. ಈಗ ಬೆನ್ನು ನೋವು, ಸ್ವಲ್ಪ ಬಾಗಿದ್ದಾರೆ. ವಯಸ್ಸಾಯ್ತು ಅಂತಾರೆ ಎಲ್ಲರೂ. ಗಂಡಸರಿಗೂ ಈ ಕಾಯಿಲೆ ಬರುತ್ತಾ?
ಕೆಂಗೇರಿ

ಉತ್ತರ: ಬರುತ್ತೆ. ನಿಮ್ಮ ಅಪ್ಪನ ವಿಷಯದಲ್ಲಿ ಮೂರು ಕಡೆಯಿಂದ ಅನುಮಾನ. ತೋಳು ಮುರಿದದ್ದು ಒಂದು. ಉಬ್ಬಸದ ಮಾತ್ರೆ ಇನ್ನೊಂದು, ಅದು ಸ್ಟೀರಾಯ್ಡ್ ಆಗಿದ್ದು ಮೂರು ತಿಂಗಳಿಗಿಂತ ಜಾಸ್ತಿ ದಿನ ತಗೊಂಡಿದ್ದರೆ ಮೂಳೆ ತಿನ್ನುತ್ತದೆ. ಹಾಗಂತ ಗಾಬರಿಯಲ್ಲಿ ಅದನ್ನು ನೀವೇ ನಿಲ್ಲಿಸಬೇಡಿ, ಅದು ಅಪಾಯ. ಮೂರನೇದು ಬೆನ್ನು. ಬೆನ್ನುಮೂಳೆ ಮುರಿಯೋಕೆ ಬೀಳಲೇಬೇಕಿಲ್ಲ, ಬಕೆಟ್ ಎತ್ತಿದರೂ ಸಾಕು, ಮೂಳೆ ಬೆಂಕಿಪೊಟ್ಟಣ ಅದುಮಿದ ಹಾಗೆ ಚಪ್ಪಟೆಯಾಗುತ್ತದೆ. ಮೂರರಲ್ಲಿ ಎರಡು ಬೆನ್ನುಮೂಳೆ ಮುರಿತ ಯಾರ ಗಮನಕ್ಕೂ ಬರೋದೇ ಇಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆ ಮೇಲಿನ ಕ್ಯಾಲೆಂಡರ್ ಮೊಳೆ ಮೊದಲು ಅವರ ಕೈಗೆ ಸಿಗುತ್ತಿತ್ತಾ, ಈಗ ಸಿಗುತ್ತಾ? ವಯಸ್ಸಿನಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಇನ್ನೂ ಜಾಸ್ತಿ ಕಮ್ಮಿಯಾಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಲೇಬೇಕು.

ಕಟ್ಟು ಕಟ್ಟಿಸಿದ್ದಕ್ಕೆ ನಾನು ಬೈಯೋದಿಲ್ಲ. ಬೆಂಗಳೂರಿನಲ್ಲಿ ಬಡಾವಣೆಗೊಂದು ಪುತ್ತೂರು ಕಟ್ಟಿನ ಬೋರ್ಡು ಇದೆ, ಜನ ಹೋಗುತ್ತಾರೆ, ಎಷ್ಟೋ ಮುರಿತ ಕೂಡುತ್ತವೆ, ಕೆಲವು ಸೊಟ್ಟ ಕೂಡುತ್ತವೆ. ನನ್ನ ತಕರಾರು ಬೇರೆ. ಅಲ್ಲಿ ಕಟ್ಟಿಸಿದವರ ಹೆಸರು ಯಾವ ಆಸ್ಪತ್ರೆಯ ಪುಸ್ತಕಕ್ಕೂ ಬರೋದಿಲ್ಲ. ಎಂಥಾ ಒಳ್ಳೆ ಸೇವೆ ಇದ್ದರೂ ನಿಮ್ಮ ಅಪ್ಪನನ್ನು ಹುಡುಕಿ ಫೋನ್ ಮಾಡೋಕೆ ಆಗೋದಿಲ್ಲ. ಹಾಗಾಗಿ ಫೋನ್ ಮಾಡುವ ನರ್ಸಿನ ಕೆಲಸ ಈಗ ನಿಮ್ಮದು. ಕಟ್ಟಿಗೆ ಮೊದಲು ತೆಗೆಸಿದ ಎಕ್ಸ್‌ರೇ ಇದ್ದರೆ ಅದನ್ನೂ, ಉಬ್ಬಸದ ಚೀಟಿಗಳನ್ನೂ ತಗೊಂಡು ಫಿಸಿಶಿಯನ್ ಹತ್ತಿರ ಹೋಗಿ.

ಪ್ರಶ್ನೆ: ಸರ್, ನಾನು 50 ಹಾಸಿಗೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಫ್ರಾಕ್ಚರ್ ಲಯಾಸನ್ ಸರ್ವಿಸ್ ನಮ್ಮಲ್ಲೂ ಶುರು ಮಾಡೋಣ ಅಂತ ಕೇಳಿದರೆ ಮ್ಯಾನೇಜ್‌ಮೆಂಟಿನವರು ‘ಡೆಕ್ಸಾ ಮೆಷಿನ್ ಇಲ್ಲ, ಆಗಲ್ಲ. ಹೇಗೂ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಮಾನ್ಯತೆ) ಇದೆಯಲ್ಲ’ ಅಂದರು. ಕಮ್ಮಿ ಅಂದರೆ ಏನೇನು ಬೇಕು?
ಯಲಹಂಕ

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಎನ್‌ಎಬಿಎಚ್ ನೋಡೋದು ಇಡೀ ಆಸ್ಪತ್ರೆಯ ವ್ಯವಸ್ಥೆಯನ್ನು. ಮುರಿತದವರನ್ನು ಮತ್ತೆ ಕರೆಸಿದಿರಾ ಅನ್ನೋದನ್ನೇ ಅಳೆಯೋಕೆ ಬೇರೆ ಅಳತೆಗೋಲು ಇದೆ. ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಫೌಂಡೇಶನ್‌ನವರು 2012ರಲ್ಲಿ ‘ಕ್ಯಾಪ್ಚರ್ ದ ಫ್ರಾಕ್ಚರ್’ ಅಂತ ಒಂದು ಕಾರ್ಯಕ್ರಮ ಶುರು ಮಾಡಿದರು. ಅದರಲ್ಲಿ 13 ಮಾನದಂಡಗಳಿವೆ. ಆಸ್ಪತ್ರೆಯವರೇ ಪ್ರಶ್ನಾವಳಿ ತುಂಬಿ ಕಳಿಸಬಹುದು, ಅವರು ನೋಡಿ ಕಂಚು, ಬೆಳ್ಳಿ, ಚಿನ್ನ ಅಂತ ನಕ್ಷತ್ರ ಕೊಟ್ಟು ಜಗತ್ತಿನ ನಕ್ಷೆಯಲ್ಲಿ ಹಾಕುತ್ತಾರೆ. ಚಿನ್ನಕ್ಕೆ ಈಗಲೇ ಆಸೆ ಪಡಬೇಡಿ. ಉದಾಹರಣೆಗೆ ಪರೀಕ್ಷೆಯ ಸಮಯ ತಗೊಳ್ಳಿ: 8 ವಾರದೊಳಗೆ ಆದರೆ ಮೇಲಿನ ಮಟ್ಟ, 12ರೊಳಗೆ ಆದರೆ ಮಧ್ಯ, 16 ವಾರದೊಳಗೆ ಆದರೂ ಮೊದಲ ಮೆಟ್ಟಿಲು ಹತ್ತಿದ ಹಾಗೆ. ಅಂದರೆ ಬಡ ಆಸ್ಪತ್ರೆಗೂ ಬಾಗಿಲು ತೆರೆದೇ ಇದೆ.

ಡೆಕ್ಸಾ ಇಲ್ಲ ಅನ್ನೋದು ನೆಪ. ಹೊರಗೆ ಮಾಡಿಸಬಹುದು, ಸೊಂಟ, ಬೆನ್ನು ಮುರಿದವರಿಗೆ ಅದಿಲ್ಲದೆಯೂ ಔಷಧ ಶುರು ಮಾಡಬಹುದು. ಬೇಕಾಗಿರೋದು ಒಂದು ರಿಜಿಸ್ಟರ್, ಒಂದು ಫೋನ್, ವಾರಕ್ಕೆ ನಿಮ್ಮ ಎರಡು ಮಧ್ಯಾಹ್ನ, ಜೊತೆಗೆ ‘ಹೌದು, ಇವರ ಔಷಧದ ಜವಾಬ್ದಾರಿ ನನ್ನದು’ ಅನ್ನುವ ಒಬ್ಬ ಡಾಕ್ಟರ್. ನಾಲ್ಕನೆಯದು ಸಿಗೋದೇ ಕಷ್ಟ, ನನ್ನ ಅನುಭವದ ಮಾತು. ಸಿಕ್ಕರೆ ದಿನಾ ಕ್ಯಾಷುವಾಲ್ಟಿ ಪುಸ್ತಕ, ಪ್ಲಾಸ್ಟರ್ ರೂಮಿನ ಪುಸ್ತಕ, ಆಪರೇಷನ್ ಲಿಸ್ಟ್ ಮೂರನ್ನೂ ನೋಡಿ 50 ದಾಟಿದವರನ್ನೆಲ್ಲ ಬರೆದುಕೊಳ್ಳಿ. ರೇಡಿಯಾಲಜಿಯವರನ್ನು ಸ್ವಲ್ಪ ಪುಸಲಾಯಿಸಿ. ಕೆಮ್ಮಿಗೆ ಅಂತ ತೆಗೆದ ಎದೆ ಎಕ್ಸ್‌ರೇ, ಹೊಟ್ಟೆನೋವಿಗೆ ಅಂತ ತೆಗೆದ ಸಿಟಿಯಲ್ಲಿ ಬೆನ್ನುಮೂಳೆ ಕುಸಿದದ್ದು ಕಂಡರೆ ರಿಪೋರ್ಟಿನಲ್ಲಿ ಸ್ಪಷ್ಟವಾಗಿ ‘ಮುರಿತ’ ಅಂತಲೇ ಬರೆಯಲಿ. ಅದನ್ನು ಹೇಗೋ ಸುತ್ತಿಬಳಸಿ ಬರೆದರೆ ಯಾರ ಕಣ್ಣಿಗೂ ಬೀಳೋದಿಲ್ಲ.

ಮ್ಯಾನೇಜ್‌ಮೆಂಟ್ ಕೇಳೋದು ದುಡ್ಡಿನ ಮಾತಾದರೆ ಇದನ್ನು ಹೇಳಿ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಸಂಸ್ಥೆಯವರು ಮೂಳೆ ದುರ್ಬಲ ಆದವರನ್ನು ಹೀಗೇ ಹುಡುಕಿ ಹುಡುಕಿ ಔಷಧ ಕೊಟ್ಟರು, ಸೊಂಟದ ಮುರಿತ ನಿರೀಕ್ಷೆಗಿಂತ 37 ಶೇಕಡಾ ಇಳಿಯಿತು ಅಂತ 2008ರಲ್ಲಿ ವರದಿ ಮಾಡಿದರು. ಅಲ್ಲಿ ವಿಮೆಯೂ ಅವರದೇ, ಆಸ್ಪತ್ರೆಯೂ ಅವರದೇ, ಹಾಗಾಗಿ ಉಳಿಸಿದ ದುಡ್ಡು ಅವರ ಜೇಬಿಗೇ ಬಂತು. ನಮ್ಮಲ್ಲಿ ಆಪರೇಷನ್ ಆದರೆ ಆಸ್ಪತ್ರೆಗೆ ದುಡ್ಡು, ಆಗದಂತೆ ತಡೆದರೆ ಯಾರಿಗೂ ಏನೂ ಇಲ್ಲ. ಇದು ಸರಿಹೋಗದೆ ಬೆಂಗಳೂರಿನಲ್ಲಿ ಇಂಥ ಸೇವೆ ನಿಮ್ಮಂಥ ಒಬ್ಬಿಬ್ಬರ ಹಟದ ಮೇಲೇ ನಡೆಯಬೇಕು.

ರಿಜಿಸ್ಟರಿನಲ್ಲಿ ಹೆಸರು, ಮುರಿದ ಜಾಗ, ಮುರಿದ ತಾರೀಖು, ಪರೀಕ್ಷೆ ಆದ ತಾರೀಖು, ಔಷಧ, 16ನೇ ವಾರದ ಫೋನ್, ವರ್ಷದ ಫೋನ್, ಇಷ್ಟು ಕಾಲಂ ಸಾಕು. ಖಾಲಿ ಉಳಿದ ಮನೆಗಳನ್ನು ಆಮೇಲೆ ತುಂಬಿಸಿ ಚಂದ ಮಾಡಬೇಡಿ, ಖಾಲಿಯೇ ಇರಲಿ. ನಾಲ್ಕು ತಿಂಗಳಾದ ಮೇಲೆ ನನಗೊಂದು ಮೆಸೇಜ್ ಹಾಕಿ, ಎಷ್ಟು ಹೆಸರು ಬಂತು, ಎಷ್ಟು ಜನ ಫೋನ್ ಎತ್ತಲಿಲ್ಲ ಅಂತ ಬರೆಯಿರಿ.